ಕೆರೆ ಮೇಲಿನ ಗೋಮಾಳದಲ್ಲಿ ಪಟ್ಟಣದ ಎಸ್‌ಟಿಪಿ: ನಾವು ಯಾಕೆ ಬೇಡ ಅನ್ನುತ್ತಿದ್ದೇವೆ

ಕೆರೆ ಕೆಳಗಿನ ರೈತ

ಎಲ್ಲರಿಗೂ ನಮಸ್ಕಾರ. ನಮ್ಮದು ಕೋಲಾರ ಜಿಲ್ಲೆಯ ಒಂದು ಹಳ್ಳಿ. ಪಕ್ಕದ ಪಟ್ಟಣದ ಯುಜಿಡಿ (ಒಳಚರಂಡಿ) ಕೊಳಚೆಯನ್ನೆಲ್ಲ ಒಂದೇ ಕಡೆ ತಂದು ಶುದ್ಧ ಮಾಡುವ ಘಟಕವನ್ನು, ಅಂದರೆ ಎಸ್‌ಟಿಪಿಯನ್ನು, ನಮ್ಮೂರ ಕೆರೆಯ ಮೇಲ್ಭಾಗದ ಗೋಮಾಳದಲ್ಲಿ ಕಟ್ಟಲು ಹೊರಟಿದ್ದಾರೆ. ಊರಿಗೆ ಬಂದು ಯಾರೂ ಒಂದು ಮಾತು ಹೇಳಿಲ್ಲ. ಸರ್ವೆಯವರು ಕಲ್ಲು ನೆಟ್ಟು ಸುಣ್ಣ ಬಳಿದು ಹೋಗಿದ್ದರು. ಕುರಿ ಬಿಡಲು ಹೋದವರು ನೋಡಿ ಬಂದು ಹೇಳಿದ ಮೇಲೆಯೇ ನಮಗೆ ಗೊತ್ತಾಗಿದ್ದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕೊಳಚೆ ನೀರನ್ನು ಶುದ್ಧ ಮಾಡಬೇಡಿ ಎಂದು ನಾವು ಹೇಳುತ್ತಿಲ್ಲ. ಪಟ್ಟಣದವರೂ ನಮ್ಮವರೇ. ನಮ್ಮ ಆಕ್ಷೇಪ ಜಾಗಕ್ಕೆ, ಮತ್ತು ಶುದ್ಧ ಮಾಡಿದ್ದು ಎಂದು ಹೇಳುವ ನೀರನ್ನು ನೇರವಾಗಿ ನಮ್ಮ ಕೆರೆಗೆ ಬಿಡುವುದಕ್ಕೆ.

ಜಾಗ ಹೇಗಿದೆ ಅಂದರೆ, ಮೇಲೆ ಗೋಮಾಳ, ಅದರ ಕೆಳಗೆ ಕೆರೆ, ಕೆರೆ ಏರಿಯ ಕೆಳಗೆ ಊರಿಗೆ ಕುಡಿಯುವ ನೀರು ಕೊಡುವ ಎರಡು ಬೋರ್‌ವೆಲ್. ಆ ಎರಡೂ ಬೋರ್‌ಗಳು ಬದುಕಿರುವುದೇ ಕೆರೆಯಲ್ಲಿ ನಿಂತ ನೀರು ಇಂಗುವುದರಿಂದ. ಏರಿ ಕೆಳಗೆ ಟೊಮೆಟೊ, ಹಿಪ್ಪುನೇರಳೆ, ಸ್ವಲ್ಪ ರಾಗಿ. ಬೇರೆ ಕಡೆ ಸಾವಿರ ಅಡಿ ದಾಟಿ ಕೊರೆದರೂ ನೀರು ಸಿಗದೆ ದುಡ್ಡು ಕಳೆದುಕೊಂಡವರು ಈ ಜಿಲ್ಲೆಯಲ್ಲಿ ಮನೆಗೊಬ್ಬರಿದ್ದಾರೆ. ಇರುವ ಎರಡು ಬೋರ್ ಕೆಟ್ಟರೆ ನಾವು ಎಲ್ಲಿಗೆ ಹೋಗುವುದು?

ಗೊತ್ತಿರುವವರು ದಯವಿಟ್ಟು ಬರೆಯಿರಿ. ವಿರೋಧ ಇದ್ದವರೂ ಬರೆಯಿರಿ.

ಪೇಟೆ ಬೀದಿ

ಅಣ್ಣ, ಬೇಜಾರು ಮಾಡಿಕೊಳ್ಳಬೇಡಿ. ನಾನು ಅದೇ ತರಹದ ಒಂದು ಪಟ್ಟಣದಲ್ಲಿ ಇರುವವನು. ನಮ್ಮ ಬೀದಿಯಲ್ಲಿ ಮನೆಗೊಂದು ಕಕ್ಕಸಿನ ಪಿಟ್ ಇದೆ. ತುಂಬಿದಾಗ ಹೀರುವ ಗಾಡಿ ಕರೆಸಬೇಕು, ಆ ಗಾಡಿ ಓಣಿಯೊಳಗೆ ಬರುವುದಿಲ್ಲ. ಮಳೆ ಬಂದರೆ ಚರಂಡಿ ಉಕ್ಕಿ ಬಾಗಿಲಿಗೆ ಬರುತ್ತದೆ. ಪ್ರತಿ ವರ್ಷ ಡೆಂಗಿ. ಹಳ್ಳಿಯವರು ಬೇಡ ಅಂದರು ಎಂದು ಘಟಕ ನಿಂತರೆ ಯುಜಿಡಿಯೂ ನಿಲ್ಲುತ್ತದೆ. ಇನ್ನೊಂದು ವಿಷಯ. ಈಗ ನಮ್ಮ ಕೊಳಚೆ ಎಲ್ಲಿಗೆ ಹೋಗುತ್ತಿದೆ? ಶುದ್ಧ ಆಗದೆಯೇ ರಾಜಕಾಲುವೆಗೆ ಇಳಿದು ಕೆಳಗಿನ ಕೆರೆಗೇ ಹೋಗುತ್ತಿದೆ. ನಿಮ್ಮೂರಲ್ಲೂ ಹಾಗೇ ಇರಬೇಕು. ಘಟಕ ಬಂದರೆ ಅಷ್ಟಾದರೂ ಶುದ್ಧ ಆಗಿ ಬರುತ್ತದೆ, ಅಲ್ವಾ?

ಕೆರೆ ಕೆಳಗಿನ ರೈತ

ತಮ್ಮ, ನಿಮ್ಮ ಕಷ್ಟ ಸುಳ್ಳಲ್ಲ. ಈಗಲೂ ಕೊಳಚೆ ಬರುತ್ತಿದೆ ಎನ್ನುವುದೂ ನಿಜ. ಊರಾಚೆ ಮೋರಿ ಹತ್ತಿರ ಹೋಗಿ ನಿಂತರೆ ಕಾಣುತ್ತದೆ: ಕಪ್ಪು ನೀರು, ಅಂಚಿನಲ್ಲಿ ಸೋಪಿನ ನೊರೆ, ಹಾಲಿನ ಕವರು, ಶಾಂಪೂ ಸ್ಯಾಷೆ ಎಲ್ಲ ಜಾಲಿ ಬೇರಿಗೆ ಸಿಕ್ಕಿಕೊಂಡಿರುತ್ತವೆ. ಕುರಿ ಮೂಸಿ ನೋಡಿ ಹಿಂದಕ್ಕೆ ಬರುತ್ತದೆ, ಬಾಯಿ ಹಾಕುವುದಿಲ್ಲ. ಆದರೆ ಅದು ಸಣ್ಣ ಹರಿವು. ಬೇಸಿಗೆಯಲ್ಲಿ ಕಾಲುವೆಯಲ್ಲೇ ಇಂಗಿ ಹೋಗುತ್ತದೆ, ಕೆರೆವರೆಗೆ ಮುಟ್ಟುವುದಿಲ್ಲ. ಯಾಕೆಂದರೆ ಪಟ್ಟಣದ ಮುಕ್ಕಾಲು ಕೊಳಚೆ ಇವತ್ತು ಮನೆಗಳ ಪಿಟ್‌ಗಳಲ್ಲೇ ಉಳಿದಿದೆ. ಯುಜಿಡಿ ಜೋಡಿಸಿದ ದಿನ ಅದೆಲ್ಲ ಒಂದೇ ಪೈಪಿನಲ್ಲಿ ನಮ್ಮ ಕಡೆ ಹೊರಡುತ್ತದೆ. ಘಟಕ ಚೆನ್ನಾಗಿ ನಡೆದರೆ ಸರಿ. ನಿಂತ ದಿನ?

ನಿವೃತ್ತ ಇಂಜಿನಿಯರ್

ನಾನು ನೀರು ಸರಬರಾಜು, ಒಳಚರಂಡಿ ಕೆಲಸದಲ್ಲೇ ಸರ್ವೀಸ್ ಮುಗಿಸಿದವನು. ಇಲ್ಲಿ ಇಬ್ಬರ ಮಾತಲ್ಲೂ ಹುರುಳಿದೆ. ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಅಳತೆ. ವಿನ್ಯಾಸ ಮಾಡುವಾಗ ತಲೆಗೆ ದಿನಕ್ಕೆ 135 ಲೀಟರ್ ನೀರು, ಅದರಲ್ಲಿ ನೂರಕ್ಕೆ 80 ಭಾಗ ಕೊಳಚೆಯಾಗಿ ವಾಪಸು ಬರುತ್ತದೆ ಎಂದು ಲೆಕ್ಕ ಹಾಕುತ್ತಾರೆ. 50,000 ಜನರ ಪಟ್ಟಣ ಎಂದುಕೊಂಡರೆ ದಿನಕ್ಕೆ 54 ಲಕ್ಷ ಲೀಟರ್, ಅಂದರೆ 5.4 ಎಂಎಲ್‌ಡಿ. ನಿಮ್ಮೂರಿಗೆ ಬೇಸಿಗೆಯಲ್ಲಿ ಬರುವ 5,000 ಲೀಟರ್ ಟ್ಯಾಂಕರ್‌ಗಳಲ್ಲಿ ಹೇಳುವುದಾದರೆ ದಿನಾ ಸಾವಿರಕ್ಕೂ ಜಾಸ್ತಿ ಟ್ಯಾಂಕರ್.

ಆದರೆ ನಮ್ಮ ಜಿಲ್ಲೆಯ ಪಟ್ಟಣಗಳಲ್ಲಿ ತಲೆಗೆ 135 ಲೀಟರ್ ಎಲ್ಲಿ ಬರುತ್ತದೆ? ವಾರಕ್ಕೊಮ್ಮೆ ನಲ್ಲಿ ಬಿಡುವ ಊರುಗಳಿವೆ. ಹಾಗಾಗಿ ಕಾಗದದಲ್ಲಿ 5 ಎಂಎಲ್‌ಡಿ ಘಟಕ ಕಟ್ಟಿ, ಅಷ್ಟು ಕೊಳಚೆ ಬಾರದೆ ಇರುವುದೂ ಉಂಟು. ಶುದ್ಧ ಮಾಡುವ ಕೆಲಸ ಮಾಡುವುದು ಬ್ಯಾಕ್ಟೀರಿಯಾ. ಅವಕ್ಕೆ ದಿನಾ ಸಮನಾಗಿ ಆಹಾರ ಬೀಳಬೇಕು. ಇಲ್ಲದಿದ್ದರೆ ಸಾಯುತ್ತವೆ, ಆಮೇಲೆ ಬರುವ ಕೊಳಚೆ ಬಂದ ಹಾಗೇ ಹೋಗುತ್ತದೆ.

ಈಗಿನ ಘಟಕಗಳು ಹೆಚ್ಚಾಗಿ ಎಸ್‌ಬಿಆರ್ ಮಾದರಿಯವು. ಒಂದೇ ತೊಟ್ಟಿಯಲ್ಲಿ ಕೊಳಚೆ ತುಂಬಿ, ಬ್ಲೋವರ್‌ನಿಂದ ಗಾಳಿ ಊದಿ, ನಿಲ್ಲಿಸಿ, ಕೆಸರು ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಬಿಡುತ್ತಾರೆ. ನಂತರ ಕ್ಲೋರಿನ್. ಚೆನ್ನಾಗಿ ನಡೆಸಿದರೆ ಒಳ್ಳೆಯ ವ್ಯವಸ್ಥೆ, ಇದರಲ್ಲಿ ಅನುಮಾನ ಬೇಡ. ಆದರೆ ಬ್ಲೋವರ್‌ಗೆ ಕರೆಂಟ್ ಬೇಕು, ಕರೆಂಟ್ ಬಿಲ್ ಕಟ್ಟಲು ದುಡ್ಡು ಬೇಕು. ಕಟ್ಟಲು ಅನುದಾನ ಬರುತ್ತದೆ. ನಡೆಸಲು ಸ್ಥಳೀಯ ಸಂಸ್ಥೆಯೇ ತನ್ನ ವರಮಾನದಿಂದ ಕೊಡಬೇಕು. ಗುತ್ತಿಗೆದಾರನ ನಿರ್ವಹಣೆ ಅವಧಿ ಮುಗಿದ ಮೇಲೆ ಏನಾಗುತ್ತದೆ ಎನ್ನುವುದೇ ನಿಜವಾದ ಪ್ರಶ್ನೆ.

ಇನ್ನು ಒಂದು ವಿಷಯ ಯಾರೂ ನಿಮಗೆ ಹೇಳುವುದಿಲ್ಲ. ಕೊಳಚೆ ಒಳಗೆ ಬರುವ ಜಾಗದಲ್ಲಿ ಬೈಪಾಸ್ ಇರುತ್ತದೆ, ಅಂದರೆ ಶುದ್ಧ ಆಗದೆಯೇ ಹೊರಗೆ ಹೋಗುವ ದಾರಿ. ಕರೆಂಟ್ ಹೋದಾಗ, ಪಂಪ್ ಕೆಟ್ಟಾಗ, ಮಳೆ ನೀರು ಸೇರಿ ಹರಿವು ಜಾಸ್ತಿ ಆದಾಗ ಕೊಳಚೆ ಆ ದಾರಿಯಲ್ಲಿ ಹೋಗುತ್ತದೆ. ನಕ್ಷೆ ಸಿಕ್ಕಾಗ ಮೊದಲು ಬೈಪಾಸ್ ಎಲ್ಲಿಗೆ ಬಿಟ್ಟಿದ್ದಾರೆ ನೋಡಿ. ಅದು ನಿಮ್ಮ ಕೆರೆಗೇ ಇದ್ದರೆ ಹಿಡಿಯಬೇಕಾದ ಜುಟ್ಟು ಅದು.

ಸಂಘದ ಅಕ್ಕ

ಸರ್, ಶುದ್ಧ ಆದ ಮೇಲೆ ಆ ನೀರು ಬೋರ್‌ಗೆ ಇಳಿದರೆ ಕುಡಿಯಬಹುದಾ ಇಲ್ಲವಾ? ಅದೊಂದು ಹೇಳಿ. ನಮ್ಮೂರಲ್ಲಿ ಐದು ರೂಪಾಯಿ ಕಾಯಿನ್ ಹಾಕಿ ಫಿಲ್ಟರ್ ನೀರು ತರುತ್ತೇವೆ, ನಿಜ. ಅದು ಕುಡಿಯುವುದಕ್ಕೆ ಮಾತ್ರ. ಅಡುಗೆಗೆ ಎಷ್ಟೋ ಮನೆಯಲ್ಲಿ ನಲ್ಲಿ ನೀರೇ. ಫಿಲ್ಟರ್ ಕೆಟ್ಟು ತಿಂಗಳುಗಟ್ಟಲೆ ನಿಂತಾಗ ಕುಡಿಯುವುದಕ್ಕೂ ಅದೇ. ಹಸು ಕರುಗಳಿಗಂತೂ ಯಾರೂ ಫಿಲ್ಟರ್ ನೀರು ಇಡುವುದಿಲ್ಲ. ನಮ್ಮ ಮನೆ ನಡೆಯುವುದು ಡೇರಿ ಬಟವಾಡೆಯಿಂದ.

ನಿವೃತ್ತ ಇಂಜಿನಿಯರ್

ಅಕ್ಕ, ಸರಿಯಾದ ಪ್ರಶ್ನೆ ಕೇಳಿದ್ದೀರಿ. ಎಸ್‌ಬಿಆರ್‌ನಂಥ ಎರಡನೇ ಹಂತದ ಶುದ್ಧೀಕರಣ ಮುಖ್ಯವಾಗಿ ತೆಗೆಯುವುದು ಕೊಳೆಯುವ ವಸ್ತುವನ್ನು ಮತ್ತು ತೇಲುವ ಕಣಗಳನ್ನು. ಸಾರಜನಕ, ರಂಜಕವನ್ನು ತೆಗೆಯಲು ಬೇರೆಯಾಗಿಯೇ ವಿನ್ಯಾಸ ಮಾಡಿರಬೇಕು. ರಂಜಕ ಉಳಿದರೆ ಕೆರೆಯಲ್ಲಿ ಜೊಂಡು, ಅಂತರಗಂಗೆ ಹಬ್ಬುತ್ತದೆ. ಸಾರಜನಕ ಉಳಿದರೆ ನೈಟ್ರೇಟ್ ಆಗಿ ಮಣ್ಣಿನೊಳಗೆ ಇಳಿಯುತ್ತದೆ. ಮಣ್ಣು ರೋಗಾಣುಗಳನ್ನು ಸಾಕಷ್ಟು ಸೋಸುತ್ತದೆ, ನೈಟ್ರೇಟನ್ನು ಹಿಡಿದಿಡುವುದಿಲ್ಲ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 45 ಮಿಲಿಗ್ರಾಂ ಮೀರಬಾರದು ಎಂದು ಭಾರತೀಯ ಮಾನಕ ಹೇಳುತ್ತದೆ. ಮೀರಿದರೆ ಬಾಟಲಿ ಹಾಲು ಕುಡಿಯುವ ಎಳೆ ಮಕ್ಕಳಿಗೆ ಅಪಾಯ. ಹಾಲಿನ ಪುಡಿಯನ್ನು ಅದೇ ನೀರಲ್ಲಿ ಕಲಸುತ್ತಾರಲ್ಲ, ಅದಕ್ಕೆ. ಕುದಿಸಿದರೂ ನೈಟ್ರೇಟ್ ಹೋಗುವುದಿಲ್ಲ. ನಮ್ಮ ಕಡೆ ಮೊದಲೇ ಫ್ಲೋರೈಡ್ ಇದೆ, ಅದರ ಮೇಲೆ ಇದೊಂದು ಬೇಡ.

ಇವತ್ತೇ ಆ ಎರಡು ಬೋರ್‌ಗಳ ನೀರನ್ನು ಪರೀಕ್ಷೆಗೆ ಕೊಡಿ. ವರದಿಯನ್ನು ತಾರೀಕು ಸಮೇತ ಇಟ್ಟುಕೊಳ್ಳಿ. ನಾಳೆ ಘಟಕ ಬಂದು ನೀರು ಕೆಟ್ಟರೆ, ಮೊದಲಿಂದಲೂ ಹಾಗೇ ಇತ್ತು ಎಂದು ಯಾರೂ ಹೇಳಲು ಆಗಬಾರದು.

ನರಸಾಪುರದ ಕಡೆಯವನು

ನನ್ನ ಅನುಭವ ಸ್ವಲ್ಪ ಬೇರೆ. ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ನೀರು ಬಂದ ಕಡೆಯವನು ನಾನು. ಬೆಂಗಳೂರಿನ ಕೊಳಚೆಯನ್ನು ಎರಡು ಹಂತ ಶುದ್ಧ ಮಾಡಿ ದಿನಕ್ಕೆ 44 ಕೋಟಿ ಲೀಟರ್ (440 ಎಂಎಲ್‌ಡಿ) ಕೋಲಾರಕ್ಕೆ ಹರಿಸಿ 126 ಕೆರೆ ತುಂಬಿಸುವ ಯೋಜನೆ ಅದು. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ನೀರು ಬಂತು. ಆಗಲೂ ಹೀಗೇ ಗಲಾಟೆ ಆಯಿತು. ಆಮೇಲೆ ಬತ್ತಿ ಹೋಗಿದ್ದ ಬೋರ್‌ಗಳಲ್ಲಿ ನೀರು ಬಂತು. ಊರು ಬಿಟ್ಟು ಬೆಂಗಳೂರಿಗೆ ಕೂಲಿಗೆ ಹೋಗಿದ್ದವರು ವಾಪಸು ಬಂದು ಬೆಳೆ ಇಟ್ಟರು. ಒಣಗಿದ ಕೆರೆ ಏರಿ ಮೇಲೆ ನಿಂತು ನೋಡಿದವರಿಗೆ ನೀರಿನ ಬೆಲೆ ಗೊತ್ತು. ಸುಮ್ನೆ ಬೇಡ ಅನ್ನುವ ಮೊದಲು ಯೋಚನೆ ಮಾಡಿ.

ಕೆರೆ ಕೆಳಗಿನ ರೈತ

ಅಣ್ಣ, ನಿಮ್ಮ ಕಡೆ ಕೆರೆ ತುಂಬಿದ್ದು ನೋಡಿ ನಮಗೂ ಸಂತೋಷ ಆಗಿದೆ. ಆದರೆ ಪೂರ್ತಿ ಕತೆ ಹೇಳಬೇಕಲ್ಲ. ಅದೇ 2018ರ ಜುಲೈನಲ್ಲಿ ಕೆರೆಗೆ ನೊರೆ ಬಂತು. ಹೈಕೋರ್ಟ್ ತಡೆ ಕೊಟ್ಟಿತು. ನೀರು ಮತ್ತೆ ಬಿಟ್ಟ ಮೇಲೆ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆಯಿತು, ಆಮೇಲೆ ಅದೂ ತೆರವಾಯಿತು. ಅಂದಿನಿಂದ ಇಂದಿನವರೆಗೆ ಕೋಲಾರ, ಚಿಕ್ಕಬಳ್ಳಾಪುರ ಎರಡೂ ಕಡೆ ಹೋರಾಟಗಾರರು ಕೇಳುತ್ತಿರುವುದು ಒಂದೇ, ಮೂರನೇ ಹಂತದ ಶುದ್ಧೀಕರಣ, ಅಂದರೆ ಎರಡನೇ ಹಂತದಲ್ಲಿ ಉಳಿದದ್ದನ್ನೂ ತೆಗೆಯುವುದು. ಯಾರೂ ನೀರು ಬೇಡ ಅನ್ನಲಿಲ್ಲ.

ಇನ್ನೊಂದು ವ್ಯತ್ಯಾಸ ನೋಡಿ. ಅಲ್ಲಿ ನೀರು ಬರುವುದು ಬೆಂಗಳೂರಿನ ದೊಡ್ಡ ಘಟಕಗಳಿಂದ. ಅಲ್ಲಿ ಇಂಜಿನಿಯರ್‌ಗಳಿದ್ದಾರೆ, ಲ್ಯಾಬ್ ಇದೆ, ಕೋರ್ಟ್ ಕಣ್ಣೂ ಇದೆ, ಪತ್ರಿಕೆಯವರ ಕಣ್ಣೂ ಇದೆ. ಅಷ್ಟೆಲ್ಲ ಇದ್ದೂ ನೊರೆ ಬಂತು. ನಮ್ಮ ಗೋಮಾಳದಲ್ಲಿ ಬರುವ ಘಟಕವನ್ನು ರಾತ್ರಿ ಎರಡು ಗಂಟೆಗೆ ಯಾರು ನೋಡುತ್ತಾರೆ? ಒಬ್ಬ ವಾಚ್‌ಮನ್. ಅದೂ ಸಂಬಳ ಸರಿಯಾಗಿ ಬಂದರೆ.

ಕುರಿ ಕಾಯುವವರ ಮನೆ

ಎಲ್ಲರೂ ನೀರಿನ ವಿಷಯವೇ ಬರೆದಿದ್ದೀರಿ. ನಮ್ಮ ಗೋಮಾಳದ ಗತಿ ಏನು? ನಮ್ಮೂರಲ್ಲಿ ಈಗಾಗಲೇ ಒಂದಿಷ್ಟು ಆಶ್ರಯ ನಿವೇಶನಕ್ಕೆ ಹೋಯಿತು, ಒಂದಿಷ್ಟು ಕಸದ ಘಟಕಕ್ಕೆ ಹೋಯಿತು. ಉಳಿದಿದ್ದರಲ್ಲಿ ಬೇಲಿ ಹಾಕಿದರೆ ಕುರಿಗಳನ್ನು ರಸ್ತೆ ಮೇಲೆ ಮೇಯಿಸಬೇಕಾ? ಸರ್ಕಾರಿ ಜಾಗ ಎಂದರೆ ಯಾರದ್ದೂ ಅಲ್ಲದ ಜಾಗ ಎಂದು ತಿಳಿದುಕೊಂಡಿದ್ದಾರೆ. ಅದು ನಮ್ಮ ಜಾಗ. ಕೆರೆ ಸುತ್ತ 75 ಮೀಟರ್ ಏನೂ ಕಟ್ಟಬಾರದು ಎಂದು ಹಸಿರು ನ್ಯಾಯಮಂಡಳಿ ಹೇಳಿದೆಯಂತೆ, ಅದನ್ನು ಹಿಡಿದು ಕೇಸ್ ಹಾಕಬಹುದಲ್ವಾ?

ತಾಲ್ಲೂಕು ವಕೀಲ

75 ಮೀಟರ್ ಆದೇಶವನ್ನು ನಂಬಿಕೊಳ್ಳಬೇಡಿ ಅಣ್ಣ. ಅದು 2016ರಲ್ಲಿ ಬೆಂಗಳೂರಿನ ಕೆರೆಗಳ ಬಗ್ಗೆ ಬಂದದ್ದು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿದೆ. ಅದನ್ನು ಅರ್ಜಿಯಲ್ಲಿ ಬರೆದರೆ ಮೊದಲ ದಿನವೇ ನಗೆಪಾಟಲಾಗುತ್ತದೆ.

ಗೋಮಾಳದ ಮಾತು ಗಟ್ಟಿ. ಕರ್ನಾಟಕ ಭೂಕಂದಾಯ ನಿಯಮಗಳು 1966, ನಿಯಮ 97ರ ಪ್ರಕಾರ ಪ್ರತಿ 100 ದನಕ್ಕೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳ ಉಳಿಸಬೇಕು. ಪಶು ವೈದ್ಯಾಲಯದಲ್ಲಿ ಜಾನುವಾರು ಗಣತಿಯ ಲೆಕ್ಕ ತೆಗೆದುಕೊಳ್ಳಿ, ಗ್ರಾಮ ಆಡಳಿತ ಅಧಿಕಾರಿ (ಹಿಂದಿನ ಗ್ರಾಮ ಲೆಕ್ಕಿಗರು) ಹತ್ತಿರ ಗೋಮಾಳದ ಒಟ್ಟು ವಿಸ್ತೀರ್ಣ ತೆಗೆದುಕೊಳ್ಳಿ. ಈಗಾಗಲೇ ಕೊರತೆ ಇದ್ದರೆ ಆ ಎರಡು ಕಾಗದವೇ ಮಾತಾಡುತ್ತವೆ. ಹಾಗೆಂದು ಜಿಲ್ಲಾಧಿಕಾರಿಗೆ ಕಡಿತ ಮಾಡುವ ಅಧಿಕಾರ ಇಲ್ಲವೇ ಇಲ್ಲ ಎಂದು ತಿಳಿಯಬೇಡಿ, ಇದೆ. ಅದಕ್ಕೇ ಆದೇಶ ಆಗುವ ಮೊದಲೇ ಆಕ್ಷೇಪಣೆ ದಾಖಲಾಗಬೇಕು.

ಕೆಲವರು 2011ರ ಜಗಪಾಲ್ ಸಿಂಗ್ ತೀರ್ಪು ಇದೆಯಲ್ಲ ಅನ್ನುತ್ತಾರೆ. ಊರಿನ ಸಾಮೂಹಿಕ ಜಾಗದ ಬಗ್ಗೆ ಸುಪ್ರೀಂ ಕೋರ್ಟಿನ ಒಳ್ಳೆಯ ತೀರ್ಪು ಅದು. ಆದರೆ ಅದು ಖಾಸಗಿಯವರ ಒತ್ತುವರಿ ಬಗ್ಗೆ. ಸರ್ಕಾರದ್ದೇ ಯೋಜನೆ ಬಂದಾಗ ಅದೊಂದೇ ಸಾಕಾಗುವುದಿಲ್ಲ.

ಸಂಘದ ಅಕ್ಕ

ಇಂಥ ಯೋಜನೆಗೆ ಊರಿನವರ ಅಹವಾಲು ಕೇಳುವ ಸಭೆ ಮಾಡಬೇಕು ಎಂದು ಕೇಳಿದ್ದೆ. ಮಾಡಿಯೇ ಇಲ್ಲವಲ್ಲ?

ತಾಲ್ಲೂಕು ವಕೀಲ

ಅಕ್ಕ, ಅಲ್ಲೇ ಇರುವುದು ತೊಂದರೆ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ಕಾರ್ಖಾನೆಗಳ ಸಾಮೂಹಿಕ ತ್ಯಾಜ್ಯ ಘಟಕ ಇದೆ. ಪಟ್ಟಣದ ಎಸ್‌ಟಿಪಿ ಬಿಡಿಯಾಗಿ ಬಂದರೆ ಅದು ಪಟ್ಟಿಯಲ್ಲಿ ಇಲ್ಲ. ಹಾಗಾಗಿ ಆ ಅಧಿಸೂಚನೆ ಅಡಿಯಲ್ಲಿ ಅಹವಾಲು ಸಭೆ ಕಡ್ಡಾಯ ಅಲ್ಲ. ಆದರೆ 1974ರ ಜಲ ಕಾಯಿದೆ ಪ್ರಕಾರ ಕಟ್ಟುವ ಮೊದಲೂ, ನಡೆಸುವ ಮೊದಲೂ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಬೇಕೇ ಬೇಕು. ಆ ಸಮ್ಮತಿ ಆಗಿದೆಯಾ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿ. ಹತ್ತು ರೂಪಾಯಿ ಅರ್ಜಿ, 30 ದಿನದಲ್ಲಿ ಉತ್ತರ ಕೊಡಬೇಕು. ಡಿಪಿಆರ್ (ಯೋಜನೆಯ ಪೂರ್ತಿ ವರದಿ) ಪ್ರತಿ ಕೇಳಿ, ಜಾಗ ಆಯ್ಕೆ ಮಾಡಿದ ಟಿಪ್ಪಣಿ ಕೇಳಿ, ಬೇರೆ ಯಾವ ಜಾಗ ನೋಡಿದ್ದರು ಎಂದು ಕೇಳಿ. ಎಷ್ಟೋ ಸಲ ಬೇರೆ ಜಾಗ ನೋಡಿಯೇ ಇರುವುದಿಲ್ಲ. ಕೆರೆಗೆ ಶುದ್ಧವಾಗದ ಕೊಳಚೆ ಬಿಡುವುದನ್ನು ರಾಜ್ಯದ 2014ರ ಕೆರೆ ಕಾಯಿದೆಯೂ ತಡೆಯುತ್ತದೆ, ಬೈಪಾಸ್ ವಿಷಯಕ್ಕೆ ಅದನ್ನು ಜೋಡಿಸಿ. ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠ ಚೆನ್ನೈನಲ್ಲಿದೆ. ಅಲ್ಲಿಗೆ ಹೋಗುವ ಮೊದಲು ಇಲ್ಲಿಯ ಕಾಗದ ಗಟ್ಟಿ ಆಗಲಿ.

ಪೇಟೆ ಬೀದಿ

ಎಲ್ಲ ಓದಿದೆ. ನಿಮ್ಮ ಭಯ ನನಗೆ ಅರ್ಥ ಆಗುತ್ತಿದೆ. ಆದರೆ ನಮ್ಮಂಥ ಪಟ್ಟಣದವರ ಪಿಟ್ ವಿಷಯ ಯಾರೂ ಬಗೆಹರಿಸಲಿಲ್ಲ. ಬೇರೆ ದಾರಿ ಇದ್ದರೆ ಹೇಳಿ, ನಾನೂ ನಿಮ್ಮ ಜೊತೆ ಬರುತ್ತೇನೆ.

ನಿವೃತ್ತ ಇಂಜಿನಿಯರ್

ಇದೆ. ದೇವನಹಳ್ಳಿ ನಿಮಗೆ ದೂರ ಅಲ್ಲ, ಒಮ್ಮೆ ಹೋಗಿ ನೋಡಿ ಬನ್ನಿ. 2015ರಲ್ಲಿ ಅಲ್ಲಿ ಪಿಟ್‌ಗಳ ಮಲ ಕೆಸರನ್ನು ಶುದ್ಧ ಮಾಡುವ ಘಟಕ ಶುರು ಮಾಡಿದರು. ಊರ ತುಂಬ ಪೈಪ್ ಹೂಳಲಿಲ್ಲ. ಹೀರುವ ಗಾಡಿ ಮನೆಗಳಿಂದ ತಂದು ಹಾಕುತ್ತದೆ. ಅಲ್ಲಿ ಕೆಸರನ್ನು ಒಣಗಿಸಿ ಪಟ್ಟಣದ ಹಸಿ ಕಸದ ಜೊತೆ ಸೇರಿಸಿ ಗೊಬ್ಬರ ಮಾಡುತ್ತಾರೆ. ದಿನಕ್ಕೆ ಸುಮಾರು 6,000 ಲೀಟರ್ ಸಾಮರ್ಥ್ಯ. ವಾರಕ್ಕೊಮ್ಮೆ ನಲ್ಲಿ ಬರುವ ಊರಿಗೆ ಇಂಥದ್ದೇ ಹೊಂದುತ್ತದೆ. ಓಣಿಗೆ ಹೋಗುವಂಥ ಸಣ್ಣ ಗಾಡಿಯನ್ನು ಪುರಸಭೆಯೇ ಕೊಳ್ಳಬಹುದು, ಯುಜಿಡಿ ಖರ್ಚಿನ ಮುಂದೆ ಅದು ಏನೂ ಅಲ್ಲ. ಬಚ್ಚಲು, ಅಡುಗೆಮನೆ ನೀರಿಗೆ ಪಟ್ಟಣದೊಳಗೇ ಎರಡು ಮೂರು ಸಣ್ಣ ಘಟಕ ಕಟ್ಟಿ, ಅದೇ ನೀರನ್ನು ಪಾರ್ಕಿಗೆ, ಕಟ್ಟಡ ಕೆಲಸಕ್ಕೆ ಕೊಡಬಹುದು.

ದೊಡ್ಡ ಘಟಕವನ್ನು ಯಾವಾಗಲೂ ಕೆಳಗಿನ ಹಳ್ಳಿಗೇ ಯಾಕೆ ತರುತ್ತಾರೆ ಗೊತ್ತಾ? ಇಳಿಜಾರು ಸಿಕ್ಕರೆ ಪಂಪ್ ಖರ್ಚು ಉಳಿಯುತ್ತದೆ, ಗೋಮಾಳ ಸಿಕ್ಕರೆ ಪರಿಹಾರದ ಖರ್ಚು ಉಳಿಯುತ್ತದೆ. ಪಟ್ಟಣ ಉಳಿಸುವ ಆ ದುಡ್ಡನ್ನು ಹಳ್ಳಿ ತನ್ನ ನೀರಿನಿಂದ ಕಟ್ಟಿಕೊಡುತ್ತದೆ. ನಾನು ಸರ್ವೀಸಿನಲ್ಲಿ ಇದ್ದಾಗಲೂ ಇದನ್ನು ಹೇಳುತ್ತಿದ್ದೆ.

ಒಂದು ವೇಳೆ ಅಲ್ಲೇ ಕಟ್ಟಿಯೇ ಕಟ್ಟುತ್ತಾರೆ ಎಂದಾದರೆ ಮಾನದಂಡದ ಮೇಲೆ ಹಿಡಿದುಕೊಳ್ಳಿ. 2017ರ ಕೇಂದ್ರದ ಅಧಿಸೂಚನೆಯಲ್ಲಿ ಮಹಾನಗರದಂಥ ದೊಡ್ಡ ಊರು ಬಿಟ್ಟು ಉಳಿದ ಕಡೆ ಬಿಒಡಿ (ನೀರಲ್ಲಿ ಉಳಿದ ಕೊಳೆಯುವ ವಸ್ತುವಿನ ಅಳತೆ) ಲೀಟರಿಗೆ 30 ಮಿಲಿಗ್ರಾಂವರೆಗೆ ಇರಬಹುದು ಎಂದಿತ್ತು. 2019ರ ಏಪ್ರಿಲ್‌ನಲ್ಲಿ ಹಸಿರು ನ್ಯಾಯಮಂಡಳಿ ಅದು ಸಾಲದು, 10ಕ್ಕೆ ಇಳಿಸಿ ಎಂದಿತು, ಸಾರಜನಕ ರಂಜಕಕ್ಕೂ ಮಿತಿ ಹೇಳಿತು. ನಿಮ್ಮ ಡಿಪಿಆರ್‌ನಲ್ಲಿ 30 ಇದೆಯೋ 10 ಇದೆಯೋ ನೋಡಿ.

ಕೆರೆ ಕೆಳಗಿನ ರೈತ

ಸರ್, ವಕೀಲರೇ, ಅಕ್ಕ, ಎಲ್ಲರಿಗೂ ಕೈ ಮುಗಿಯುತ್ತೇನೆ. ಪೇಟೆ ತಮ್ಮ ಜೊತೆಗೆ ಬರುತ್ತೇನೆ ಎಂದಿದ್ದು ನಮಗೆ ದೊಡ್ಡ ಬಲ. ಪಟ್ಟಣ ಒಂದು ಕಡೆ, ಹಳ್ಳಿ ಒಂದು ಕಡೆ ಆದರೆ ಅಧಿಕಾರಿಗಳಿಗೆ ಸುಲಭ.

ನಿನ್ನೆ ಅರಳೀಕಟ್ಟೆಯಲ್ಲಿ ಕೂತು ಮಾತಾಡಿದೆವು. ವಿಶೇಷ ಗ್ರಾಮಸಭೆ ಕರೆಯಿರಿ ಎಂದು ಪಂಚಾಯಿತಿಗೆ ಅರ್ಜಿ ಕೊಡುತ್ತಿದ್ದೇವೆ. ಅಲ್ಲಿ ಮಂಡಿಸುವ ಠರಾವನ್ನು ಹೀಗೆ ಬರೆದಿದ್ದೇವೆ, ತಿದ್ದುವುದಿದ್ದರೆ ತಿದ್ದಿ:

"ಪಟ್ಟಣದ ಕೊಳಚೆ ಶುದ್ಧೀಕರಣಕ್ಕೆ ಈ ಗ್ರಾಮಸಭೆಯ ವಿರೋಧ ಇಲ್ಲ. ನಮ್ಮ ಕೆರೆಯ ಮೇಲ್ಭಾಗದ ಗೋಮಾಳದಲ್ಲಿ ಘಟಕ ಕಟ್ಟುವುದಕ್ಕೆ ಮತ್ತು ಅದರ ನೀರನ್ನಾಗಲಿ, ಬೈಪಾಸ್ ಕೊಳಚೆಯನ್ನಾಗಲಿ ನಮ್ಮ ಕೆರೆಗೆ ಬಿಡುವುದಕ್ಕೆ ಸಂಪೂರ್ಣ ವಿರೋಧ ಇದೆ. ಗೋಮಾಳದಲ್ಲಿ ಈಗಾಗಲೇ ಕೊರತೆ ಇದೆಯೇ ಎಂಬುದನ್ನು ನಿಯಮ 97ರಂತೆ ಲೆಕ್ಕ ಮಾಡಿ ಸಭೆಗೆ ತಿಳಿಸಬೇಕು. ಯೋಜನೆಯ ಪೂರ್ತಿ ವರದಿಯನ್ನು ಕನ್ನಡದಲ್ಲಿ ಪಂಚಾಯಿತಿಯಲ್ಲಿ ಇಡಬೇಕು. ಅಲ್ಲಿಯವರೆಗೆ ಜಾಗ ಹಸ್ತಾಂತರ ಮಾಡಬಾರದು."

ಸಂಘದ ಅಕ್ಕ

ಅಣ್ಣ, ಕುಡಿಯುವ ನೀರಿನ ಬೋರ್ ವಿಷಯ ಠರಾವಿನಲ್ಲಿ ಬಂದೇ ಇಲ್ಲ. ಅದನ್ನು ಎರಡನೇ ವಾಕ್ಯದಲ್ಲೇ ಸೇರಿಸಿ. ಇನ್ನೊಂದು, ಗ್ರಾಮಸಭೆಯನ್ನು ಬೆಳಗ್ಗೆ ಹತ್ತು ಗಂಟೆಗೆ ಇಟ್ಟರೆ ನಾವು ಹೆಂಗಸರು ಯಾರೂ ಬರಲು ಆಗುವುದಿಲ್ಲ. ಟೊಮೆಟೊ ಕೊಯ್ಲು ನಡೆಯುತ್ತಿದೆ, ಎಲ್ಲರೂ ತೋಟದಲ್ಲಿರುತ್ತಾರೆ. ಸಂಜೆ ಡೇರಿಗೆ ಹಾಲು ಹಾಕಿದ ಮೇಲೆ ಇಡಲಿ.

ಕೆರೆ ಕೆಳಗಿನ ರೈತ

ಸೇರಿಸಿದೆ ಅಕ್ಕ. ಸಭೆ ಸಂಜೆಯೇ ಬೇಕು ಎಂದೂ ಅರ್ಜಿಯಲ್ಲಿ ಬರೆದಿದ್ದೇವೆ. ಸೋಮವಾರ ಪಿಡಿಒಗೆ ಕೊಡುತ್ತೇವೆ. ಬರುವವರು ಅರ್ಜಿಯ ಎರಡು ಪ್ರತಿ ತನ್ನಿ, ಒಂದರ ಮೇಲೆ ತಾರೀಕು ಮತ್ತು ಮುದ್ರೆ ಹಾಕಿಸಿಕೊಂಡೇ ಹೊರಗೆ ಬರೋಣ. ಬೋರ್ ನೀರಿನ ಸ್ಯಾಂಪಲ್ ಬಾಟಲಿಗಳನ್ನು ಅವತ್ತೇ ಕೋಲಾರಕ್ಕೆ ಕಳಿಸುತ್ತೇವೆ. ದೇವನಹಳ್ಳಿ ಘಟಕ ನೋಡಲು ಯಾರ್ಯಾರು ಬರುತ್ತೀರಿ ಇಲ್ಲೇ ತಿಳಿಸಿ. ಪೇಟೆಯಿಂದಲೂ ನಾಲ್ಕು ಜನ ಬಂದರೆ ಒಂದು ಟೆಂಪೊ ಮಾಡೋಣ.